ಪ್ಲಾಸ್ಟಿಕ್ ಕೀಳದ ಮನೆ

ನಮ್ಮ ಮನೆಯಲ್ಲಿ ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ ಕೀಳುವ ಹಾಗಿಲ್ಲ. ಯಾರೂ ಬಾಯಿಬಿಟ್ಟು ಹೇಳಿದ ನಿಯಮ ಅಲ್ಲ ಅದು, ಆದರೆ ಮುರಿದು ನೋಡಿ, ಗೊತ್ತಾಗುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಫ್ರಿಜ್ಜಿನ ಹಿಡಿಗೆ ಅಂಟಿಕೊಂಡಿದ್ದ, ಅಂಚೆಲ್ಲ ಕಪ್ಪಾಗಿ ಸುರುಳಿ ಸುತ್ತಿಕೊಂಡಿದ್ದ ಪ್ಲಾಸ್ಟಿಕ್ಕನ್ನು, ಏನೋ ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡು, ಕಿತ್ತು ಬಿಸಾಕಿದೆ. ಅತ್ತೆ ಏನೂ ಬೈಯಲಿಲ್ಲ. ಕಸದ ಬುಟ್ಟಿಯಿಂದ ಅದನ್ನು ಎತ್ತಿಕೊಂಡು, ತೊಳೆದು, ಒರೆಸಿ, ಮತ್ತೆ ಹಿಡಿಗೆ ಸುತ್ತಿ ದಾರ ಕಟ್ಟಿದರು. ಬೈದಿದ್ದರೇ ವಾಸಿಯಿತ್ತು.

ಟಿವಿಯ ಅಂಚಿಗೂ ಪ್ಲಾಸ್ಟಿಕ್ ಇದೆ. ವಾಷಿಂಗ್ ಮಷೀನಿನ ಬಟನ್ನುಗಳ ಮೇಲೆ ಇದೆ. ಅದರಡಿಯ ಅಕ್ಷರ ಮಂಕಾಗಿ, ಯಾವುದು ಒಗೆಯುವುದು ಯಾವುದು ಹಿಂಡುವುದು ಎಂದು ಅಂದಾಜಿನ ಮೇಲೆ ಒತ್ತುತ್ತೇವೆ. ಸ್ಕೂಟರ್ ಸೀಟಿನದಂತೂ ಬೇಸಿಗೆಯಲ್ಲಿ ಸೀರೆಗೆ ಅಂಟಿಕೊಂಡು, ನಾನು ಇಳಿಯುವಾಗ ಪರಪರ ಸದ್ದು ಮಾಡಿ, ಬಸ್‌ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ತಿರುಗಿ ನೋಡುವ ಹಾಗೆ ಮಾಡುತ್ತದೆ. ಈ ಬಗ್ಗೆ ಗಂಡನ ಹತ್ತಿರ ಎಷ್ಟೋ ಸಲ ಜಗಳ ಆಡಿದ್ದೇನೆ. ಕಿತ್ತರೆ ಗೀರು ಬೀಳುತ್ತೆ ಅನ್ನುತ್ತಾರೆ ಅವರು. ಗೀರು ಬೀಳಬಾರದು ಅಂದರೆ ಅಂಗಡಿಯಲ್ಲೇ ಬಿಟ್ಟು ಬರಬೇಕಿತ್ತು ಅನ್ನುತ್ತೇನೆ ನಾನು. ಅಲ್ಲಿಗೆ ಮಾತು ಮುಗಿಯುತ್ತದೆ, ಪ್ಲಾಸ್ಟಿಕ್ ಇದ್ದಲ್ಲೇ ಇರುತ್ತದೆ.

ಅವರನ್ನು ಅಂದು ಪ್ರಯೋಜನವಿಲ್ಲ, ಅದು ತಾಯಿಯಿಂದ ಬಂದದ್ದು. ಅತ್ತೆಯದು ಗುಮ್ಮಳಾಪುರ, ರೇಷ್ಮೆ ಹುಳ ಸಾಕಿದ ಮನೆತನ. ಆ ಮನೆಯಲ್ಲಿ ಯಾವುದೂ ಹೊಸದಾಗಿ ಉಳಿಯುತ್ತಿರಲಿಲ್ಲವಂತೆ. ಸೀರೆಗೆ ಸೊಪ್ಪಿನ ಕರೆ, ಪಾತ್ರೆಗೆ ಸುಣ್ಣದ ಪುಡಿ, ಮಂಚ ಕುರ್ಚಿ ಎಲ್ಲ ಹುಳದ ತಟ್ಟೆ ಇಡುವುದಕ್ಕೆ. ಮಗನಿಗೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಆಲಸನತ್ತಂನಲ್ಲಿ ಈ ಮನೆ ಮಾಡಿದ ಮೇಲೆಯೇ ಅವರ ಕಣ್ಣೆದುರಿಗೆ ಹೊಸ ಸಾಮಾನು ಬಂದದ್ದು. ಬಂದದ್ದನ್ನು ಹಾಗೇ ಹೊಸದಾಗಿಯೇ ನೋಡುತ್ತಿರಬೇಕು ಅನ್ನುವುದು ಅವರ ಆಸೆ. ಇದನ್ನು ಈಗ ತಣ್ಣಗೆ ಬರೆಯುತ್ತಿದ್ದೇನೆ, ಈಗ ಹೇಳಹೊರಟಿರುವ ಆ ವಾರ ಇಷ್ಟು ತಣ್ಣಗಿರಲಿಲ್ಲ ನಾನು.

ನಾನು ಮಾಲೂರು ಕಡೆಯವಳು. ಕೆಲಸ ಅಡುಗೆಮನೆ ಬರೆಯುವುದು. ಅಂದರೆ ಮನೆ ಕಟ್ಟುವವರಿಗೆ ಅಡುಗೆಮನೆ ಹೇಗಿರಬೇಕು, ಕಪಾಟು ಎಲ್ಲಿ, ಸಿಂಕು ಎಲ್ಲಿ, ಒಲೆ ಯಾವ ಮೂಲೆಗೆ ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಬರೆದು, ನಿಜವಾದ ಮನೆಯೊಳಗೆ ನಡೆದಾಡಿದ ಹಾಗೆ ವಿಡಿಯೋ ಮಾಡಿ ಕೊಡುವುದು. ಬಾಗಲೂರು ರಸ್ತೆಯ ಒಂದು ಶೋರೂಮಿಗೆ ವರ್ಷಗಟ್ಟಲೆ ಮನೆಯಿಂದಲೇ ಬರೆದುಕೊಟ್ಟೆ. ಬರೆದವಳು ನಾನು, ಕೆಳಗಡೆ ಹೆಸರು ಅವರದು. ಒಂದು ಸಲ ಗೃಹಪ್ರವೇಶದ ಊಟಕ್ಕೆ ಹೋಗಿ, ನಾನೇ ಬರೆದ ಅಡುಗೆಮನೆಯಲ್ಲಿ ನಿಂತು ನೀರು ಕುಡಿಯುತ್ತಿರುವಾಗ, ಆ ಮನೆಯ ಯಜಮಾನಿ ನನಗೇ ಅದನ್ನು ತೋರಿಸಿ, ಶೋರೂಮಿನ ಸಾರ್ ತಲೆಯೇ ತಲೆ ಅಂದರು. ಹೌದು ಹೌದು ಅಂದೆ. ಮನೆಗೆ ಬಂದು ಗಂಡನಿಗೆ ಹೇಳಿದೆ, ಇನ್ನು ಮೇಲೆ ನನ್ನ ಹೆಸರಲ್ಲೇ ಬರೆಯುತ್ತೇನೆ ಅಂತ.

ಅವರು ಖುಷಿಪಟ್ಟರು ಅಂದರೆ ಕಡಿಮೆಯಾಯಿತು. ಮರುವಾರವೇ ಗೇಟಿಗೆ ಒಂದು ಸ್ಟೀಲಿನ ಬೋರ್ಡು ಬಂತು. ನನ್ನ ಹೆಸರು, ಕೆಳಗೆ ನನ್ನ ಕೆಲಸ, ತಮಿಳಿನಲ್ಲಿ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಅಕ್ಷರ ಕೆತ್ತುವಾಗ ಅಂಗಡಿಯವರು ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತರಂತೆ. ಕೆತ್ತಿದ ಮೇಲೆ ನಮ್ಮ ಯಜಮಾನರು ಅವರನ್ನು ಕಾಡಿ ಬೇಡಿ ಇನ್ನೊಂದು ಹೊಸ ಹಾಳೆ ಅಂಟಿಸಿಕೊಂಡು ಬಂದಿದ್ದರು. ಹಾಲಿನ ಬಣ್ಣದ್ದು. ಮೂಗು ತಾಗಿಸಿ ನೋಡಿದರೆ ಏನೋ ಬರೆದಿದೆ ಎಂದು ಗೊತ್ತಾಗುತ್ತಿತ್ತು, ಏನು ಎಂದು ಗೊತ್ತಾಗುತ್ತಿರಲಿಲ್ಲ. ನಾನು ಉಗುರು ಹಾಕಲು ಹೋದರೆ ಅತ್ತೆ ಹಿಂದಿನಿಂದ, ಇರಲಿ ಬಿಡಮ್ಮ, ಮಳೆ ಬಿಸಿಲಿಗೆ ಹಾಳಾಗುತ್ತದೆ ಅಂದರು. ಅಮ್ಮ ಮಗ ಇಬ್ಬರೂ ಸೇರಿ ನನ್ನ ಹೆಸರನ್ನು ಬಹಳ ಜೋಪಾನವಾಗಿ ಮುಚ್ಚಿಟ್ಟಿದ್ದರು.

ಹೇಗೋ ಮಾತು ಹಬ್ಬಿ ಮೊದಲ ಗಿರಾಕಿ ಬಂದರು. ತೊರಪಲ್ಲಿ ಅಗ್ರಹಾರದಲ್ಲಿ ಮನೆ ಕಟ್ಟಿಸುತ್ತಿರುವ ಗಂಡ ಹೆಂಡತಿ, ಇಬ್ಬರೂ ಕಾರ್ಖಾನೆ ಕೆಲಸದವರು, ಮೂಲ ಮಂಡ್ಯ ಕಡೆ. ಆಕೆ ಇಡೀ ಶಿಫ್ಟು ನಿಂತುಕೊಂಡು ಸಣ್ಣ ಸಣ್ಣ ಬಿಡಿಭಾಗ ಜೋಡಿಸುವವಳು. ನಮ್ಮ ಹಾಲಿನಲ್ಲಿ ಕೂತು, ಚಪ್ಪಲಿ ಬಿಟ್ಟ ಕಾಲುಗಳನ್ನು ಒಂದರ ಮೇಲೊಂದು ಉಜ್ಜಿಕೊಳ್ಳುತ್ತಾ, ತನಗೆ ಬೇಕಾದ್ದು ಒಂದೇ ಎಂದು ಹೇಳಿದಳು. "ಅಕ್ಕ, ನಿಂತೂ ನಿಂತೂ ಸಾಕಾಗ್ಬುಟ್ಟದೆ. ಅಡ್ಗೆಮನೇಲಾದ್ರೂ ನಾನು ಕೂತ್ಕಬೇಕು."

ಆಕೆಯ ಗಂಡ ಒಳ್ಳೆಯವನೇ, ಆದರೆ ಕಣ್ಣಿಂದ ನೋಡದೆ ಯಾವುದನ್ನೂ ನಂಬದ ಜಾತಿ. ಕೂತು ಅಡುಗೆ ಮಾಡುವ ಅಡುಗೆಮನೆ ಎಲ್ಲಾದರೂ ಉಂಟೇ ಅಂದ. ಶೋರೂಮಿನಲ್ಲಿ ಕೇಳಿದ್ದಕ್ಕೆ ಅಳತೆಗೆ ಬರುವುದಿಲ್ಲ, ಚೆನ್ನಾಗಿ ಕಾಣುವುದಿಲ್ಲ ಅಂದಿದ್ದರಂತೆ. ಕೊನೆಗೆ ಹೀಗೆ ಒಪ್ಪಂದವಾಯಿತು: ಭಾನುವಾರ ಬೆಳಿಗ್ಗೆ ಬರುತ್ತಾರೆ, ನಾನು ವಿಡಿಯೋ ತೋರಿಸಬೇಕು, ಅವನಿಗೆ ಒಪ್ಪಿಗೆಯಾದರೆ ಸರಿ. ಇಲ್ಲದಿದ್ದರೆ ಸೋಮವಾರ ಶೋರೂಮಿಗೆ ಹೇಳಿಬಿಡುತ್ತಾರೆ, ಬಡಗಿ ಕಾಯುತ್ತಿದ್ದಾನೆ. ಹೋಗುವಾಗ ಆಕೆ ನನ್ನ ಕೈ ಹಿಡಿದು ಸುಮ್ಮನೆ ಒಂದು ಸಲ ಒತ್ತಿದಳು.

ಬರೆಯುವುದು ಬೇಗ ಮುಗಿಯಿತು. ಕಿಟಕಿಯ ಕೆಳಗೆ ಮೊಣಕಾಲೆತ್ತರದ ಒಂದು ಜಗಲಿ, ಅದರ ಮುಂದೆ ತಗ್ಗಿನ ಕಲ್ಲು, ಪಕ್ಕದಲ್ಲೇ ಕೈಗೆಟುಕುವ ಒಲೆ. ಕೂತು ತರಕಾರಿ ಹೆಚ್ಚಬಹುದು, ಕೂತು ಸಾರು ಕದಡಬಹುದು, ನಿಲ್ಲಬೇಕೆನಿಸಿದರೆ ಅತ್ತ ಎತ್ತರದ ಕಟ್ಟೆಯೂ ಉಂಟು. ಬರೆದು ಮುಗಿಸಿ ನಾನೇ ನಾಲ್ಕು ಸಲ ತಿರುಗಿಸಿ ತಿರುಗಿಸಿ ನೋಡಿದೆ. ನನ್ನದು ಅನ್ನುವ ಖುಷಿಯೇ ಬೇರೆ. ಇನ್ನು ಉಳಿದದ್ದು ಅದನ್ನು ವಿಡಿಯೋ ಮಾಡುವುದು, ಅದು ನನ್ನ ಕೆಲಸವಲ್ಲ, ಕಂಪ್ಯೂಟರಿನ ಕೆಲಸ. ಬೆಳಕು, ನೆರಳು, ಕಲ್ಲಿನ ಹೊಳಪು ಎಲ್ಲ ಲೆಕ್ಕ ಹಾಕಿ ಒಂದೊಂದೇ ಚಿತ್ರ ಬಿಡಿಸುತ್ತಾ ಹೋಗುವುದು ಅದರೊಳಗಿನ ಗ್ರಾಫಿಕ್ಸ್ ಕಾರ್ಡು. ನಾನು ಒಂದು ಬಟನ್ ಒತ್ತಿ ಮಸಾಲೆ ರುಬ್ಬಲು ಹೋದರೆ ಆಯಿತು.

ಗುರುವಾರ ಬಟನ್ ಒತ್ತಿ ಹೋದೆ. ಮಿಕ್ಸಿಯ ಸದ್ದು ನಿಂತ ಮೇಲೂ ಒಂದು ಸದ್ದು ಕೇಳುತ್ತಿತ್ತು. ಹಾಲಿಗೆ ಬಂದರೆ ಕಂಪ್ಯೂಟರಿನ ಫ್ಯಾನು ವಿಸಿಲ್ ಕೂಗುವ ಮುಂಚಿನ ಕುಕ್ಕರಿನ ಹಾಗೆ ಹೊಯ್ಯೆನ್ನುತ್ತಿದೆ, ಡಬ್ಬದ ಹಿಂದೆ ಕೈಯಿಟ್ಟರೆ ಬಿಸಿಗಾಳಿ. ನಾನು ನೋಡುತ್ತಿದ್ದ ಹಾಗೆಯೇ ಪರದೆ ಕಪ್ಪಾಯಿತು. ಮತ್ತೆ ಹಾಕಿದೆ, ಮತ್ತೆ ಕಪ್ಪು. ಪ್ರತಿ ಸಲವೂ ಸ್ವಲ್ಪ ಚಿತ್ರ ಬಿಡಿಸುವುದು, ಕಾಯುವುದು, ಕಣ್ಣು ಮುಚ್ಚುವುದು. ಈ ಲೆಕ್ಕದಲ್ಲಿ ವಿಡಿಯೋ ಮುಗಿಯುವ ಹೊತ್ತಿಗೆ ಅವರ ಮನೆಯ ಗೃಹಪ್ರವೇಶವಾಗಿ, ಅವರು ಬಾಡಿಗೆಗೂ ಕೊಟ್ಟಿರುತ್ತಿದ್ದರು. ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಫೋನು ಮಾಡಿದರೆ, ಆತ ತಮಿಳಿನಲ್ಲಿ ಬಹಳ ಮರ್ಯಾದೆಯಿಂದ, ತಂದಿಟ್ಟು ಹೋಗಿ ಅಕ್ಕ, ಮುಂದಿನ ವಾರ ನೋಡೋಣ ಅಂದ. ಮುಂದಿನ ವಾರ ನೋಡಿ ಏನು ಮಾಡಲಿ?

ನನ್ನ ಗಂಡ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಫಿಟ್ಟರ್. ಮಷೀನು ಬಿಸಿಯಾಯಿತು ಅಂದರೆ ಅವರಿಗೆ ಒಳಗೊಳಗೇ ಹಬ್ಬ. ಸಂಜೆ ಬಂದವರು ಕಾಫಿ ಲೋಟ ಹಿಡಿದುಕೊಂಡೇ ಡಬ್ಬದ ಪಕ್ಕದ ತಗಡು ಬಿಚ್ಚಿ, ಬ್ಯಾಟರಿ ಬಿಟ್ಟು ನೋಡಿ, ನಾಲಿಗೆ ಲೊಚಗುಟ್ಟಿದರು. ಒಳಗೆ ಧೂಳು ಹತ್ತಿಯ ಹಾಗೆ ಕೂತಿತ್ತು. ಕಾರ್ಡಿನ ಮೇಲಿನ ಪೇಸ್ಟ್ ಒಣಗಿರುತ್ತೆ, ಅದನ್ನೂ ಬದಲಾಯಿಸಬೇಕು ಅಂದರು. ಲೆಕ್ಕ ಹಾಕುವ ಚಿಪ್ಪಿನ ಬಿಸಿ ಮೇಲಿನ ಲೋಹಕ್ಕೆ ದಾಟಲಿ ಎಂದು ನಡುವೆ ಹಚ್ಚುವ ಅಂಟು ಅದು. ಸುತ್ತಲಿನ ಮೆಮರಿ ಚಿಪ್ಪುಗಳಿಗೆ ಅಂಟಿನ ಬದಲು ರಬ್ಬರಿನಂಥ ಮೆತ್ತನೆಯ ಪಟ್ಟಿ ಇರುತ್ತದೆ, ಪ್ಯಾಡು ಅನ್ನುತ್ತಾರೆ. ಅದೂ ಹಳೆಯದಾಗಿ ಪುಡಿಪುಡಿಯಾಗಿತ್ತು. ಎರಡನ್ನೂ ಆ ಅಂಗಡಿಯಿಂದಲೇ ಹೊಸದು ತಂದರು.

ಶುಕ್ರವಾರ ಅವರಿಗೆ ರಜೆ. ಪೇಪರ್ ಹಾಸಿಕೊಂಡು ಕೂತರು ನೋಡಿ, ಮದುವೆಯಲ್ಲಿ ಧಾರೆಗೂ ಅಷ್ಟು ಶ್ರದ್ಧೆಯಿಂದ ಕೂತಿರಲಿಲ್ಲ. ಒಂದೊಂದು ಸ್ಕ್ರೂವನ್ನೂ ಕಾಫಿ ತಟ್ಟೆಯಲ್ಲಿಟ್ಟು, ಬ್ಲೋವರಿನಿಂದ ಧೂಳು ಹೊಡೆದು, ಹಳೆಯ ಪೇಸ್ಟನ್ನು ಒರೆಸಿ, ಹೊಸದನ್ನು ಹಚ್ಚಿ, ಪ್ಯಾಡುಗಳನ್ನು ಅಳತೆಗೆ ಕತ್ತರಿಸಿ ಅಂಟಿಸಿದರು. ನಾನು ಒಗ್ಗರಣೆ ಬಿಟ್ಟು ಬಂದು ಬಂದು ನೋಡುತ್ತಿದ್ದೆ. ನೋಡಬೇಡ, ಮುಗಿದ ಮೇಲೆ ಕರೆಯುತ್ತೇನೆ ಅಂದರು. ಕರೆದರು. ಕಾರ್ಡು ಜಾಗದಲ್ಲಿ ಕೂತಿತ್ತು, ಫ್ಯಾನು ಮೆಲ್ಲಗೆ ತಿರುಗುತ್ತಿತ್ತು, ಅವರು ಕೈ ಒರೆಸಿಕೊಳ್ಳುತ್ತಾ ಹೊಸ ಅಳಿಯನ ಹಾಗೆ ನಿಂತಿದ್ದರು. ಆ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಬಂತು ಅಂದರೆ ಶ್ಯಾವಿಗೆ ಪಾಯಸ ಮಾಡಿದೆ.

ಪಾಯಸ ಆರುವ ಮುಂಚೆ ಪರದೆ ಕಪ್ಪಾಯಿತು. ಮೊದಲಿಗಿಂತ ಬೇಗ.

ಶನಿವಾರ ಬೆಳಿಗ್ಗೆಯಿಂದ ನಮ್ಮ ಹಾಲು ಯಾರಿಗೋ ಹುಷಾರಿಲ್ಲದ ಮನೆಯ ಹಾಗಿತ್ತು. ಅವರು ಅರ್ಧ ದಿನ ರಜೆ ಹಾಕಿದರು. ಡಬ್ಬದ ತಗಡು ಬಿಚ್ಚಿಟ್ಟು ಟೇಬಲ್ ಫ್ಯಾನನ್ನು ಅದರ ಎದುರಿಗಿಟ್ಟರು, ಆಗಲಿಲ್ಲ. ಗೋಡೆಯಿಂದ ದೂರ ಎಳೆದರು, ಆಗಲಿಲ್ಲ. ಮಹಡಿಯ ಮನೆಯವರು ಇಳಿದು ಬಂದು, ಎಲ್ಲಾ ವೋಲ್ಟೇಜಿನ ತೊಂದರೆ ಎಂದು ಹೇಳಿ, ಉಳಿದ ಪಾಯಸ ಕುಡಿದು ಮೇಲೆ ಹೋದರು. ಅತ್ತೆ ಎದ್ದು ಹಿತ್ತಲಿಗೆ ಹೋದರು. ಬರುವಾಗ ಕೈಯಲ್ಲಿ ನೀರು ತೊಟ್ಟಿಕ್ಕುವ ಗೋಣಿಚೀಲ.

ಹುಳದ ಮನೆ ಬಿಸಿಯಾದರೆ ಕಿಟಕಿಗೆ ಒದ್ದೆ ಗೋಣಿ ಕಟ್ಟುವುದು ಅವರ ಕಡೆಯ ಪದ್ಧತಿ. ಬೀಸುವ ಗಾಳಿ ತಣ್ಣಗಾಗಿ ಒಳಗೆ ಬಂದು ಹುಳ ಬದುಕಿಕೊಳ್ಳುತ್ತವೆ. ಅದನ್ನೇ ಅವರು ಕಂಪ್ಯೂಟರ್ ಪಕ್ಕದ ಕಿಟಕಿಗೆ ಕಟ್ಟಿದರು. ಕರೆಂಟಿನ ಹತ್ತಿರ ನೀರು ತರುತ್ತಾರೆಯೇ ಎಂದು ಮಗ ಕೂಗಾಡಿದರು, ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ. ನಾನು ಬಟನ್ ಒತ್ತಿದೆ. ಆಣೆಯಾಗಿ ಹೇಳುತ್ತೇನೆ, ಹಿಂದಿನ ಎಲ್ಲ ಸಲಕ್ಕಿಂತ ಜಾಸ್ತಿ ಹೊತ್ತು ನಡೆಯಿತು. ಅತ್ತೆ ಮಗನ ಕಡೆ ನೋಡಿದ ನೋಟ ಹೇಗಿತ್ತೆಂದರೆ, ಅವರ ಅಷ್ಟು ವರ್ಷದ ಫಿಟ್ಟರ್ ಕೆಲಸ ಅಲ್ಲೇ ಸೋತುಹೋಯಿತು. ಆಮೇಲೆ ಪರದೆ ಕಪ್ಪಾಯಿತು, ಅದು ಬೇರೆ ವಿಷಯ.

ಆದರೆ ಆ ಸಲ ಜಾಸ್ತಿ ಹೊತ್ತು ನಡೆದದ್ದರಿಂದ ನನಗೆ ಒಂದು ವಿಷಯ ಕಂಡಿತು. ಕಾರ್ಡಿನ ಬಿಸಿ ತೋರಿಸುವ ಒಂದು ಪುಟ್ಟ ಕಿಟಕಿ ಪರದೆಯ ಮೂಲೆಯಲ್ಲಿರುತ್ತದೆ. ಅದರಲ್ಲಿ ನಡುವಿನ ಚಿಪ್ಪಿನ ಬಿಸಿ ಒಂದು ಸಾಲು, ಸುತ್ತಲಿನ ಮೆಮರಿಯ ಬಿಸಿ ಇನ್ನೊಂದು ಸಾಲು. ಚಿಪ್ಪು ಆರಾಮಾಗಿತ್ತು. ಹೊಸ ಪೇಸ್ಟ್ ತನ್ನ ಕೆಲಸ ಮಾಡುತ್ತಿತ್ತು. ಮೆಮರಿ ಮಾತ್ರ ಏರುತ್ತಾ ಏರುತ್ತಾ ಹೋಗಿ, ಅದು ಮಿತಿ ಮೀರಿದ್ದೇ ಪರದೆ ಆರಿತು. ಮೆಮರಿ ಮೇಲೆ ಏನು ಹಾಕಿದಿರಿ ಎಂದು ಕೇಳಿದೆ. ಹೊಸ ಪ್ಯಾಡು, ಇದ್ದುದರಲ್ಲೇ ಒಳ್ಳೆಯದು ಅಂದರು. ಸರಿಯಾಗಿ ಅಂಟಿದೆಯಾ ಅಂದೆ. ನನಗೆ ಹೇಳಿಕೊಡಬೇಡ, ದಿನಾ ಇದೇ ಕೆಲಸ ಮಾಡುವವನು ನಾನು ಅಂದರು. ನನ್ನ ತಲೆ ಕಾರ್ಡಿಗಿಂತ ಬಿಸಿಯಾಯಿತು. ಇನ್ನೊಂದು ಮಾತಾಡಿದರೆ ಏನಾದರೂ ಆಗಿಬಿಡುತ್ತದೆ ಎಂದು ಬಾಗಿಲು ದಬ್ಬಿಕೊಂಡು ಹೊರಗೆ ಹೋಗಿ ಗೇಟಿನ ಹತ್ತಿರ ನಿಂತೆ.

ಮಧ್ಯಾಹ್ನದ ಬಿಸಿಲು. ಗೇಟಿನ ಮೇಲೆ ನನ್ನ ಬೋರ್ಡು, ಅದರ ಮೇಲೆ ಆ ಹಾಲಿನ ಬಣ್ಣದ ಹಾಳೆ. ಬಿಸಿಲಿಗೆ ಹಾಳೆ ಅಲ್ಲಲ್ಲಿ ಉಬ್ಬಿ ಗುಳ್ಳೆ ಎದ್ದಿತ್ತು. ನಾಳೆ ಅವರು ಬಂದು ಬರಿಗೈಯಲ್ಲಿ ಹೋಗುತ್ತಾರೆ, ನಾನು ಮತ್ತೆ ಶೋರೂಮಿನವರ ಹೆಸರು ಹಾಕಿ ಬರೆದು ಕೊಡುತ್ತೇನೆ, ಈ ಬೋರ್ಡು ಹೀಗೇ ಮುಚ್ಚಿಕೊಂಡಿದ್ದರೇ ಒಳ್ಳೆಯದು ಅನ್ನಿಸಿ ಅಳು ಬಂತು. ಸುಮ್ಮನೆ ಒಂದು ಗುಳ್ಳೆಯನ್ನು ಬೆರಳಿಂದ ಒತ್ತಿದೆ. ಹಾಳೆಯ ಒಳಗಡೆ ಬಿಸಿಗಾಳಿ ಸಿಕ್ಕಿಕೊಂಡಿತ್ತು, ಹೊರಗೆ ಬರಲು ಜಾಗವಿಲ್ಲದೆ ಇತ್ತ ಒತ್ತಿದರೆ ಅತ್ತ ಓಡುತ್ತಿತ್ತು. ಓಡುತ್ತಿದ್ದ ಗುಳ್ಳೆಯನ್ನು ನೋಡುತ್ತಾ ನೋಡುತ್ತಾ ನನ್ನ ಅಳು ನಿಂತುಹೋಯಿತು. ಒಳಗೆ ಓಡಿದೆ.

"ರೀ, ಆ ಪ್ಯಾಡಿನ ಮೇಲೆ ಪ್ಲಾಸ್ಟಿಕ್ ಇರುತ್ತಲ್ಲ, ಅದನ್ನ ಕಿತ್ತಿರಾ?"

ಅವರು ತಲೆ ಎತ್ತಿದರು. ಮುಖದಲ್ಲಿ ತಪ್ಪಿನ ಸುಳಿವೇ ಇಲ್ಲ, ಪಾಪ. "ಅಂಟೋ ಕಡೇದು ಕಿತ್ತೆ ಕಣೇ. ಮೇಲ್ಗಡೇದು ಇರ್ಲಿ ಅಂತ ಬುಟ್ಟೆ. ಹೊಸಾದಲ್ವಾ."

ತಾವು ಹೇಳಿದ ಮಾತು ಅವರ ಕಿವಿಗೇ ತಲುಪಲು ಸ್ವಲ್ಪ ಹೊತ್ತು ಹಿಡಿಯಿತು. ತಲುಪಿದಾಗ ಆ ಮುಖ ನೋಡಬೇಕಿತ್ತು ನೀವು. ಬಿಸಿ ದಾಟಲಿ ಎಂದೇ ಹಾಕುವ ಪಟ್ಟಿಗೆ, ಬಿಸಿ ದಾಟದ ಹಾಗೆ ಪ್ಲಾಸ್ಟಿಕ್ ಉಳಿಸಿ, ಮೇಲಿನಿಂದ ಸ್ಕ್ರೂ ಬಿಗಿದು ಭದ್ರ ಮಾಡಿದ್ದರು. ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡಿದ್ದರೆ ಎರಡೂ ಕಡೆ ಕಿತ್ತೇ ಅಂಟಿಸುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ಮನೆಯೊಳಗೆ ಕೂತಾಗ ಕೈ ಮನೆಯ ಪದ್ಧತಿ ಹಿಡಿಯಿತು.

ಮೊದಲು ಮಾತಾಡಿದ್ದು ಅತ್ತೆ. "ಹುಳದ ತಟ್ಟೆ ಮೇಲೆ ಪ್ಲಾಸ್ಟಿಕ್ ಮುಚ್ಚಿಟ್ರೆ ಏನಾಗ್ತದ್ಲಾ? ಉಸ್ರು ಕಟ್ಟಿ ಸಾಯ್ತವೆ. ಅಷ್ಟೂ ತಿಳೀನಿಲ್ವೇನ್ಲಾ ನಿಂಗೆ?"

ಫ್ರಿಜ್ಜಿನ ಹಿಡಿಗೆ ದಾರ ಕಟ್ಟಿದ ಮಹಾತಾಯಿ ಹೇಳುವ ಮಾತೇ ಇದು? ನನಗೆ ನಗು ತಡೆಯಲಾಗಲಿಲ್ಲ. ನೆಲಕ್ಕೆ ಕೂತು ನಕ್ಕೆ. ಗಂಡ ತಲೆಯ ಮೇಲೆ ಕೈ ಹೊತ್ತುಕೊಂಡು, ಅದೇ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅತ್ತೆ ಏನಾಯಿತೆಂದು ಒಂದು ಸಲ ನನ್ನನ್ನು, ಒಂದು ಸಲ ಮಗನನ್ನು ನೋಡಿ, ಆಮೇಲೆ ಅವರ ಕಣ್ಣು ಟಿವಿಯ ಅಂಚಿನ ಕಡೆ ಹೋಗಿ, ಸೆರಗು ಬಾಯಿಗಿಟ್ಟುಕೊಂಡು ಅವರೂ ಶುರು ಮಾಡಿದರು. ಮಹಡಿಯವರು ಮತ್ತೆ ಇಳಿದು ಬಂದು, ಸರಿಹೋಯಿತಾ ಎಂದು ಕೇಳಿದರು. ನಾವು ಇನ್ನೂ ಜೋರಾಗಿ ನಕ್ಕೆವು.

ಕಾರ್ಡನ್ನು ಮತ್ತೆ ಬಿಚ್ಚಿದೆವು. ಈ ಸಲ ನಾನು ಪಕ್ಕದಲ್ಲೇ ಕೂತೆ, ನೋಡಬೇಡ ಎಂದು ಹೇಳುವ ಧೈರ್ಯ ಅವರಿಗಿರಲಿಲ್ಲ. ತೆಳು ನೀಲಿ ಹಾಳೆ ಬಿಸಿಗೆ ಮುದುರಿ ಪ್ಯಾಡಿಗೆ ಕಚ್ಚಿಕೊಂಡಿತ್ತು. ಅವರ ದಪ್ಪ ಬೆರಳಿಗೆ ಅಂಚು ಸಿಗಲಿಲ್ಲ, ನನ್ನ ಉಗುರಿಗೆ ಪ್ಯಾಡೇ ಹರಿಯುವ ಹಾಗಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಇಬ್ಬರನ್ನೂ ಸರಿಸಿ ಕೂತರು. ನೋವಾಗದ ಹಾಗೆ ಎಳೆ ಹುಳವನ್ನು ಎಲೆಯಿಂದ ಎತ್ತಿದ ಬೆರಳು ಅವು. ಉಗುರಿನ ತುದಿಯಿಂದ ಅಂಚು ಎಬ್ಬಿಸಿ, ಪ್ಯಾಡು ಹರಿಯದ ಹಾಗೆ, ಒಂದೊಂದನ್ನೇ ಸಲೀಸಾಗಿ ಬಿಡಿಸಿದರು. ನಾನು ಕಂಡ ಹಾಗೆ ಅತ್ತೆ ತಮ್ಮ ಕೈಯಾರೆ ಪ್ಲಾಸ್ಟಿಕ್ ಕಿತ್ತದ್ದು ಅದೇ ಮೊದಲು.

ಮಗ ಹೊಸ ಪೇಸ್ಟ್ ಹಚ್ಚಿ, ಸ್ಕ್ರೂ ಬಿಗಿದು, ಕಾರ್ಡನ್ನು ಜಾಗಕ್ಕೆ ಕೂರಿಸಿದರು. ನಾನು ದೇವರ ಮನೆಯ ಕಡೆ ಒಂದು ಸಲ ನೋಡಿ ಬಟನ್ ಒತ್ತಿದೆ. ಮೂವರೂ ಒಲೆಯ ಮೇಲಿನ ಹಾಲು ಕಾಯುವವರ ಹಾಗೆ ಆ ಪುಟ್ಟ ಕಿಟಕಿಯನ್ನೇ ನೋಡುತ್ತಾ ನಿಂತೆವು. ಮೆಮರಿಯ ಬಿಸಿ ಏರಿತು. ಏರಿ ಒಂದು ಕಡೆ ನಿಂತಿತು. ಇನ್ನೂ ಏರುತ್ತದೆಯೋ ಎಂದು ಕಾದೆವು, ಏರಲಿಲ್ಲ. ಫ್ಯಾನಿನ ಸದ್ದು ಜೋರಾಗಲಿಲ್ಲ. ಪರದೆಯ ಮೇಲೆ ಅಡುಗೆಮನೆಯ ಕಿಟಕಿ ಬಂತು, ಕಿಟಕಿಯ ಬೆಳಕು ಬಂತು, ತಗ್ಗಿನ ಕಲ್ಲು ಬಂತು. ಅತ್ತೆ ಹೋಗಿ ಒದ್ದೆ ಗೋಣಿ ಬಿಚ್ಚಿದರು, ಆದರೆ ಅದಿಲ್ಲದೆ ಏನೂ ಆಗುತ್ತಿರಲಿಲ್ಲ ಎಂದು ಮಗನಿಗೆ ಕೇಳಿಸುವ ಹಾಗೆ ಹೇಳಿಯೇ ಬಿಚ್ಚಿದರು. ಅದು ಸುಳ್ಳೂ ಅಲ್ಲ. ದೀಪ ಹಚ್ಚುವ ಹೊತ್ತಿಗೆ ವಿಡಿಯೋ ಪೂರ್ತಿಯಾಗಿತ್ತು.

ಭಾನುವಾರ ಗಂಡ ಹೆಂಡತಿ ತಿಂಡಿಯ ಹೊತ್ತಿಗೇ ಬಂದರು. ಅವನು ಕೈ ಕಟ್ಟಿಕೊಂಡು ಹಿಂದೆ ನಿಂತ, ಅವಳು ನನ್ನ ಕುರ್ಚಿಯಲ್ಲಿ ಕೂತಳು. ಹಾಕಿದೆ. ಬಾಗಿಲು ದಾಟಿ, ಎತ್ತರದ ಕಟ್ಟೆ ದಾಟಿ, ಕಿಟಕಿಯ ಹತ್ತಿರ ಹೋಗಿ, ಚಿತ್ರ ನಿಧಾನವಾಗಿ ಕೆಳಗಿಳಿದು ಜಗಲಿಯ ಮೇಲೆ ಕೂತ ಮನುಷ್ಯರ ಕಣ್ಣಿನ ಎತ್ತರಕ್ಕೆ ನಿಂತಿತು. ಅಲ್ಲಿಂದ ನೋಡಿದರೆ ಒಲೆ ಕಾಣುತ್ತದೆ, ಬಾಗಿಲಿಗೆ ಯಾರು ಬಂದರೂ ಕಾಣುತ್ತದೆ, ಕಿಟಕಿಯಾಚೆ ಹೊಲ ಕಾಣುತ್ತದೆ. ಅವಳು ಇನ್ನೊಂದು ಸಲ ಹಾಕಿ ಎಂದು ಕೈಸನ್ನೆ ಮಾಡಿದಳು. ಎರಡನೇ ಸಲ ಚಿತ್ರ ಆ ಜಗಲಿಯ ಮೇಲೆ ಕೂತಾಗ, ಅವಳ ಎಡಗೈ ತೊಡೆಯ ಮೇಲೆ ಏನನ್ನೋ ಹಿಡಿದುಕೊಂಡಿತು, ಬಲಗೈ ಮೆಲ್ಲಗೆ ಇಲ್ಲದ ಹುರುಳಿಕಾಯಿ ಹೆಚ್ಚತೊಡಗಿತು. ಅವಳಿಗೆ ಗೊತ್ತೇ ಇರಲಿಲ್ಲ. ಹಿಂದೆ ನಿಂತಿದ್ದ ಗಂಡ ಅದನ್ನು ನೋಡಿದ. ಕಟ್ಟಿದ ಕೈ ಬಿಟ್ಟು, ಇದನ್ನೇ ಮಾಡಿಸೋಣ ಬಿಡಿ ಅಂದ.

ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲು ಹೋದರೆ ಉತ್ಪ್ರೇಕ್ಷೆ ಅನ್ನಿಸುತ್ತದೆ. ಅವರಿಗೆ ಇಡ್ಲಿಯ ಜೊತೆ ಬಡಿಸಿದ ಚಟ್ನಿಗೆ ಉಪ್ಪು ಹಾಕಿಲ್ಲ ಎಂಬುದು ನೆನಪಾಗಿದ್ದು ಅವರು ತಿಂದು ಕೈ ತೊಳೆದ ಮೇಲೆ.

ಹೊರಡುವಾಗ ಗೇಟಿನ ತನಕ ಎಲ್ಲರೂ ಹೋದೆವು. ತನ್ನ ತಂಗಿಯೂ ಮನೆ ಕಟ್ಟಿಸುತ್ತಿದ್ದಾಳೆ, ಯಾರು ಬರೆದುಕೊಟ್ಟರು ಎಂದು ಕೇಳುತ್ತಾಳೆ, ಬೋರ್ಡಿನ ಫೋಟೋ ಕಳಿಸುತ್ತೇನೆ ಎಂದು ಅವಳು ಫೋನು ತೆಗೆದಳು. ಅತ್ತ ನಿಂತು ಹಿಡಿದಳು, ಇತ್ತ ನಿಂತು ಹಿಡಿದಳು. ಫೋನಿನಲ್ಲಿ ಬಿಸಿಲಿಗೆ ಹೊಳೆಯುವ ಬಿಳಿ ಹಾಳೆ ಬಿಟ್ಟು ಬೇರೇನೂ ಬರಲಿಲ್ಲ. "ಅಕ್ಕ, ಇದ್ರಲ್ಲಿ ಹೆಸ್ರೇ ಕಾಣಕಿಲ್ವಲ್ಲ" ಅಂದಳು.

ನಾನು ಗಂಡನ ಕಡೆ ನೋಡಿದೆ. ಅವರು ಅವರಮ್ಮನ ಕಡೆ ನೋಡಿದರು. ಅತ್ತೆ ಮುಂದೆ ಬಂದು ಬೋರ್ಡಿನ ಮೂಲೆಗೆ ಉಗುರು ಹಾಕಿದರು. ತಡೆಯಲು ನಮ್ಮವರ ಕೈ ತಾನಾಗಿ ಮುಂದೆ ಹೋಯಿತು, ಅಭ್ಯಾಸ ಬಿಡಬೇಕಲ್ಲ.

"ಬುಡ್ಲಾ," ಅಂದರು ಅತ್ತೆ. "ಗೀರು ಬಿದ್ರೆ ಬೀಳ್ಲಿ."

ಪರಪರ ಎಂದು ಒಂದೇ ಎಳೆತಕ್ಕೆ ಹಾಳೆ ಬಂತು. ಒಳಗಿನ ಸ್ಟೀಲು ಬಿಸಿಲಿಗೆ ಎಷ್ಟು ಹೊಳೆಯಿತೆಂದರೆ ನಾವೆಲ್ಲ ಕಣ್ಣು ಕಿರಿದು ಮಾಡಿಕೊಂಡೆವು. ಅವಳು ಫೋಟೋ ಹೊಡೆದುಕೊಂಡಳು. ಅವರ ಗಾಡಿ ತಿರುವು ದಾಟಿ ಹೋದ ಮೇಲೂ ನಾವು ಮೂವರು ಅಲ್ಲೇ ನಿಂತಿದ್ದೆವು. ಅತ್ತೆ ಬೋರ್ಡಿನ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದರು. ಕನ್ನಡಕ ಒಳಗೇ ಬಿಟ್ಟು ಬಂದಿದ್ದರು.

"ಏನಂತ ಬರ್ದದೆ, ಓದಮ್ಮ" ಅಂದರು.

ಓದಿದೆ. ನನ್ನ ಹೆಸರು, ನನ್ನ ಕೆಲಸ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ನಾನು ಅಮ್ಮ, ಕಣೇ, ನಮ್ಮ ಸೊಸೆ, ಇಷ್ಟೇ. ಅತ್ತೆ ನನ್ನ ಹೆಸರನ್ನು ಒಂದು ಸಲ ಬಾಯಲ್ಲಿ ಹೇಳಿ ನೋಡಿದರು, ಇನ್ನೊಂದು ಸಲ ಹೇಳಿದರು. ಚೆನ್ನಾಗದೆ ಕಣಮ್ಮ ಅಂದರು. ಆಮೇಲೆ ಕಿತ್ತ ಪ್ಲಾಸ್ಟಿಕ್ಕನ್ನು ನೀಟಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಇಡ್ಲಿ ಪಾತ್ರೆ ತೊಳೆಯಲು ಒಳಗೆ ಹೋದರು.